ಕಂಪ್ಯೂಟರಿನಲ್ಲಿ ಅಡಗಿದ್ದ ತೊಟ್ಟಿಲ ಹೆಸರು

ದೆವ್ವ, ಗಾಳಿ, ದೃಷ್ಟಿ ಎಂದು ಯಾರಾದರೂ ನನ್ನ ಮುಂದೆ ಬಾಯಿ ತೆರೆದರೆ, "ನಿಮಗ ಪಿತ್ತ ಆಗೇತಿ, ನಿಂಬಿಹಣ್ಣು ತಿನ್ರಿ" ಎಂದುಬಿಡುತ್ತಿದ್ದೆ. ಶಿಗ್ಗಾವಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದವಳು ನಾನು. ನನ್ನ ಈ ಬಾಯಿಗೆ ಅಂಜಿ ಎಷ್ಟೋ ಜನ ನನ್ನ ಮುಂದೆ ಇಂಥ ಮಾತು ತೆಗೆಯುತ್ತಲೇ ಇರಲಿಲ್ಲ. ಈಗ ಇದನ್ನು ಓದಿ ನೀವೂ ನನಗೆ ನಿಂಬೆಹಣ್ಣು ತಿನ್ನಲು ಹೇಳಬಹುದು. ಹೇಳಿ, ನನಗೆ ಬೇಸರವಿಲ್ಲ.

ನನ್ನ ಅಣ್ಣ ಹಿರೇಬೆಂಡಿಗೇರಿಯಲ್ಲಿ ಒಕ್ಕಲುತನ ಮಾಡಿಕೊಂಡಿದ್ದ. ಅವನ ಹೆಂಡತಿ, ನಮ್ಮ ವೈನಿಗೆ, ಮೊದಲ ಎರಡು ಕೂಸು ಉಳಿಯಲಿಲ್ಲ. ಮೂರನೆಯದು ಹೆಣ್ಣು ಹುಟ್ಟಿದಾಗ, ಸಾವಿನ ಕಣ್ಣಿಗೆ ಬೀಳದಿರಲಿ ಎಂದು ಹಿರಿಯರು ಅದನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡರು. ತಿಪ್ಪವ್ವ ಎಂದು ಕರೆದರು. ತೊಟ್ಟಿಲಿಗೆ ಹಾಕುವ ದಿನ ಕಿವಿಯಲ್ಲಿ ಹೆಸರು ಹೇಳುವುದು ಸೋದರತ್ತೆಯ, ಅಂದರೆ ನನ್ನ, ಕೆಲಸ. ವೈನಿ ನನ್ನ ಕೈ ಹಿಡಿದು, "ಖರೇ ಹೆಸರು ಕೂಸಿನ ಕಿವ್ಯಾಗ ಅಷ್ಟ ಹೇಳ್ರಿ. ಐದ ವರ್ಷ ತುಂಬೂತನಕ ನನಗೂ ಹೇಳಬ್ಯಾಡ್ರಿ, ಎಲ್ಲೂ ಬರೀಬ್ಯಾಡ್ರಿ" ಎಂದರು.

ಒಳಗೊಳಗೇ ನಕ್ಕೆ. ಆದರೂ ಒಪ್ಪಿದೆ, ಎರಡು ಕೂಸು ಕಳಕೊಂಡವರ ಮುಂದೆ ವಾದ ಹೂಡುವಷ್ಟು ಕಲ್ಲಲ್ಲ ನಾನು. ಎರಡು ಶಬ್ದ ಕೂಡಿಸಿ, ಯಾರೂ ಇಡದ ಹೆಸರೊಂದನ್ನು ನಾನೇ ಕಟ್ಟಿ, ಅದರ ಕಿವಿಗೆ ಬಾಯಿ ಹಚ್ಚಿ ಹೇಳಿದೆ. ನನ್ನ ಗಂಡನಿಗೂ ಹೇಳಲಿಲ್ಲ.

ಅದಾದ ಮೂರು ವರ್ಷಕ್ಕೆ, ಎಂಬತ್ತರ ದಶಕ ಮುಗಿಯುತ್ತ ಬಂದಾಗ, ನಮ್ಮ ಮನೆಗೆ ಕಂಪ್ಯೂಟರ್ ಬಂತು. ನಮ್ಮ ಮನೆಯವರು ರೇಡಿಯೊ, ಟಿವಿ ರಿಪೇರಿ ಮಾಡುತ್ತಿದ್ದರು. ಹುಬ್ಬಳ್ಳಿಯಲ್ಲಿ ಕೆಟ್ಟು ಮೂಲೆಗೆ ಬಿದ್ದಿದ್ದ ಒಂದನ್ನು ತಂದು, ತಿಂಗಳುಗಟ್ಟಲೆ ಬೆಸುಗೆ ಹಾಕಿ ನಡೆಯುವಂತೆ ಮಾಡಿದರು. ಅದಕ್ಕೆ ಅಂಟಿಕೊಂಡವಳು ಮಾತ್ರ ನಾನು. ಡಿಸ್ಕ್ ಪರೀಕ್ಷಿಸಿದಾಗಲೆಲ್ಲ ಅಡಗಿದ ಫೈಲುಗಳು ಮೂರು ಎಂದು ತೋರಿಸುತ್ತಿತ್ತು. ಕೈಪಿಡಿಯ ಪ್ರಕಾರ ಎರಡೇ ಇರಬೇಕು. ಯಂತ್ರ ಶುರುವಾಗಲು ಬೇಕಾದ ಆ ಎರಡನ್ನು ಯಾರೂ ಕೆಡಿಸದಿರಲಿ ಎಂದು ಅಡಗಿಸಿರುತ್ತಾರಂತೆ. ಹಾಗಾದರೆ ಮೂರನೆಯದು ಯಾವುದು? ಲೆಕ್ಕ ಕೂಡದಿದ್ದರೆ ನನಗೆ ಊಟ ಸೇರುವುದಿಲ್ಲ. ಅಡಗಿದ್ದನ್ನು ಬಯಲಿಗೆ ತರುವ ಪ್ರೋಗ್ರಾಮಿನ ಫ್ಲಾಪಿಯೊಂದನ್ನು ಮನೆಯವರ ಗೆಳೆಯರಿಂದ ತರಿಸಿಕೊಂಡೆ.

ಅವತ್ತು ಭಾನುವಾರ, ಮಧ್ಯಾಹ್ನದ ಊಟ ಆಗಿತ್ತು. ತಿಪ್ಪಿಗೆ ಜ್ವರ ಎಂದು ವೈನಿ ಅವಳನ್ನು ಕರಕೊಂಡು ನಮ್ಮಲ್ಲಿಗೆ ಬಂದಿದ್ದರು. ಬೆಳಿಗ್ಗೆ ಡಾಕ್ಟರು ಔಷಧ ಕೊಟ್ಟಿದ್ದರು, ಕೂಸು ಒಳಗೆ ಮಲಗಿತ್ತು. ನಾನು ಪಡಸಾಲೆಯಲ್ಲಿ ಫ್ಲಾಪಿ ಹಾಕಿ ಕೂತೆ. ಮೊದಲು ಹೆಸರು ನೋಡಿ, ಆಮೇಲೆ ಒಂದೊಂದಾಗಿ ಬಯಲಿಗೆ ತರಬೇಕಿತ್ತು. ನನಗೆಲ್ಲಿಯ ತಾಳ್ಮೆ? ಮೂರನ್ನೂ ಒಂದೇ ಸಲಕ್ಕೆ ಬಯಲು ಮಾಡಿ ಪಟ್ಟಿ ತೆಗೆದೆ.

ಎರಡು ಯಂತ್ರದವು. ಮೂರನೆಯ ಸಾಲಿನಲ್ಲಿ ಇಂಗ್ಲಿಷಿನ ಎಂಟು ಅಕ್ಷರ. ಓದಿದೆ. ಒಂದನೇ ಇಯತ್ತೆಯ ಹುಡುಗಿಯ ಹಾಗೆ ಬೆರಳಿಟ್ಟು ಮತ್ತೆ ಓದಿದೆ. ನಾನು ಕಟ್ಟಿದ ಹೆಸರು. ಮುಂದೆ ಗಾತ್ರ ಸೊನ್ನೆ ಎಂದಿತ್ತು. ಒಳಗೆ ಏನೂ ಇಲ್ಲ, ಬರೀ ಹೆಸರು. 

ಅಷ್ಟರಲ್ಲಿ ಒಳಗಿನಿಂದ ವೈನಿ ಕೂಗಿದರು. "ಲಗೂನ ಬರ್ರಿ, ಕೂಸು ಕಣ್ಣು ಮ್ಯಾಲ ಮಾಡೇತಿ."

ಓಡಬೇಕಿತ್ತು. ಓಡಲಿಲ್ಲ. ಇದನ್ನು ಹೇಳಲು ಇಂದಿಗೂ ನಾಚಿಕೆಯಾಗುತ್ತದೆ. ಅಳಿಸಿಬಿಡೋಣ ಎಂದು ಬೆರಳು ಹೋಯಿತು. ಅಳಿಸಿದರೆ ಕೂಸಿಗೇನಾದೀತೋ ಎಂದು ಹಿಂದೆ ತೆಗೆದೆ. ಹಾಗೇ ಬಯಲಿನಲ್ಲಿ ಬಿಡುವ ಧೈರ್ಯವೂ ಇಲ್ಲ. ಎರಡು ಸಲ ತಪ್ಪು ಕೀಲಿ ಒತ್ತಿ, ಮೂರನೆಯ ಸಲ ಮೂರೂ ಫೈಲುಗಳನ್ನು ಮತ್ತೆ ಅಡಗಿಸಿ, ಆಮೇಲೆ ಒಳಗೆ ಓಡಿದೆ. ಗಣಿತದ ಟೀಚರು ಮಾಡಿದ ಕೆಲಸ ಇದು.

ಕೂಸು ಸೆಟೆದುಕೊಂಡಿತ್ತು. ವೈನಿ ಅದನ್ನು ಎದೆಗೆ ಅವಚಿಕೊಂಡು "ಇದನ್ನರ ಉಳಸೋ ಯಪ್ಪಾ" ಎನ್ನುತ್ತಿದ್ದರು. ಡಾಕ್ಟರ ಮನೆಗೆ ಹೊತ್ತೊಯ್ದೆವು. ಇಂಜೆಕ್ಷನ್ ಆಯಿತು, ತಣ್ಣೀರ ಬಟ್ಟೆ ಆಯಿತು. ಸಂಜೆಗೆ ಕೂಸು ಕಣ್ಣು ತೆರೆದು ನೀರು ಕೇಳಿತು. ಜ್ವರ ನೆತ್ತಿಗೇರಿದರೆ ಹೀಗಾಗುತ್ತದೆ ಎಂದರು ಡಾಕ್ಟರು. ಅದೇ ನಿಜವಿರಬೇಕು.

ಮರುದಿನ ಮನೆಯವರಿಗೆ ಎಲ್ಲ ಹೇಳಿದೆ, ಹೆಸರೊಂದನ್ನು ಬಿಟ್ಟು. "ಮೊದಲಿನ ಮಾಲಕರು ಯಾರರ ಇಟ್ಟಿರ್ತಾರ. ಅದಕ್ಯಾಕ ಇಷ್ಟ ಅಂಜತಿ?" ಎಂದು ಅವರು ಡಿಸ್ಕ್ ಪರೀಕ್ಷಿಸಿದರು. ಅಡಗಿದ ಫೈಲುಗಳು ಎರಡು. ಮತ್ತೆ ನೋಡಿದರು, ಎರಡೇ. ಅವರು ನಕ್ಕರು. ಅದು ಅಲ್ಲೇ ಇದ್ದಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ. ಅದು ಎಲ್ಲಿಗೆ ಹೋಯಿತು? ಆ ಯಂತ್ರವನ್ನು ನಾನು ಮತ್ತೆ ಮುಟ್ಟಲಿಲ್ಲ.

ತಿಪ್ಪಿಗೆ ಐದು ತುಂಬಿತು. ಶಾಲೆಗೆ ಹಚ್ಚುವ ದಿನ ವೈನಿ ಪೇಢೆ ತಂದು ನನ್ನ ಮುಂದೆ ಕೂತರು. "ಈಗರ ಹೇಳ್ರಿ, ನನ್ನ ಮಗಳಿಗೆ ಏನ್ ಹೆಸರಿಟ್ಟೀರಿ?" ಎಷ್ಟು ಆಸೆಯಿಂದ ಕೇಳಿದರು ಅಂತೀರಿ. ನಾನು ಬಾಯಿಗೆ ಬಂದ ಹೆಸರೊಂದನ್ನು ಹೇಳಿದೆ. ಸುಜಾತಾ. ಐದು ವರ್ಷ ಕಾದ ತಾಯಿಗೆ ಸುಳ್ಳು ಹೇಳಿದೆ. ಅವರು ತೀರಿಕೊಳ್ಳುವವರೆಗೂ ಅದನ್ನೇ ನಂಬಿದ್ದರು.

ಸುಜಾತಾ ಈಗ ಸವಣೂರಿನಲ್ಲಿದ್ದಾಳೆ, ಎರಡು ಮಕ್ಕಳ ತಾಯಿ, ಗಟ್ಟಿಮುಟ್ಟಾಗಿದ್ದಾಳೆ. ಅವಳ ಖರೇ ಹೆಸರನ್ನು ಇಲ್ಲಿಯೂ ನಾನು ಬರೆದಿಲ್ಲ, ಗಮನಿಸಿರಬೇಕು. ಅದನ್ನು ಬಲ್ಲವಳು ಲೋಕದಲ್ಲಿ ನಾನೊಬ್ಬಳೇ ಎಂದುಕೊಂಡಿದ್ದೆ. ಇನ್ನೊಬ್ಬರು ಯಾರು ಎಂಬುದು ನನಗೆ ಇನ್ನೂ ತಿಳಿದಿಲ್ಲ.