ಗೀರು ಮುಚ್ಚದ ಸ್ಟಿಕ್ಕರಕ್ಕ

ಜೇಬಿನಲ್ಲಿಟ್ಟು ಹಾಡು ಕೇಳುವ ಪುಟ್ಟ ಪ್ಲೇಯರ್‌ಗಳಿಗೆ ತಾನೇ ಚಿತ್ರ ಬರೆದು ಅಂಟಿಸುವ ಸ್ಟಿಕ್ಕರಕ್ಕನ ಮುಂದೆ ಗಿರಾಕಿಯ ಆಟ ನಡೆಯುವುದಿಲ್ಲ. "ಈ ಗೀರು ಮುಚ್ಚೋ ಹಾಗೆ ಒಂದು ಹೂವು ಹಾಕಿ" ಎಂದರೆ ಮುಗಿಯಿತು, ಮೂಗು ಮುರಿಯುತ್ತಾಳೆ: "ಮುಚ್ಚೋಕೆ ನಾನೇನು ಪಾತ್ರೆ ಮುಚ್ಚಳವಾ?" ಆಮೇಲೆ ಸ್ಟಿಕ್ಕರಿನಲ್ಲಿ ಗೀರಿನಷ್ಟು ಜಾಗ ಕತ್ತರಿಸಿ ಬಿಟ್ಟು, ಆ ಗೀರನ್ನೇ ಹಕ್ಕಿಯ ಬಾಲ ಮಾಡಿ, ಗುಳ್ಳೆ ಏಳದಂತೆ ಉಗುರಿನಿಂದ ತೀಡಿ ಕೊಡುತ್ತಾಳೆ. "ಈಗೆಲ್ಲ ಫೋನಲ್ಲೇ ಹಾಡು, ಗಂಟುಮೂಟೆ ಕಟ್ಟು ತಾಯಿ" ಎಂದ ಪಕ್ಕದ ಗಡಿಯಾರ ರಿಪೇರಿಯವನ ಕನ್ನಡಕದ ಡಬ್ಬಿಗೇ ಗೂಬೆ ಅಂಟಿಸಿದವಳು ಅವಳು. ಅವಳ ಸ್ವಂತ ಪ್ಲೇಯರ್ ಮಾತ್ರ ಬೋಳು. ಯಾಕೆಂದು ಅವನೇ ಒಮ್ಮೆ ಕೆಣಕಿದಾಗ, ಹಾಡು ಹಾಕುವ ಗುಂಡಿಯ ಸುತ್ತ ಬಣ್ಣ ಸವೆದ ಜಾಗವನ್ನು ತೋರಿಸಿದಳು. "ಒಂದೇ ಹಾಡನ್ನ ಮತ್ತೆ ಮತ್ತೆ ಹಾಕಿ ನಮ್ಮಮ್ಮ ಹೆಬ್ಬೆರಳಲ್ಲಿ ಬರೆದುಹೋದ ಚಿತ್ರ ಅಣ್ಣಾ ಇದು. ಇದರ ಮೇಲೆ ಅಂಟಿಸೋ ಧೈರ್ಯ ನಂಗಿಲ್ಲ. ನಿಂಗಿದ್ರೆ ಅಂಟಿಸು, ನೋಡೇಬಿಡ್ತೀನಿ!"