ಚರ್ಚಿನ ಮಾಡಿನ ಮೇಲೆ ಒಬ್ದುಲಿಯಾ

ದುಯೆರೊ ನದಿಯ ಮೇಲಿನ ಮಂಜು ಇನ್ನೂ ಕರಗಿಲ್ಲ. ಸಮೋರಾ ಊರಿನ ಸಾನ್ ಪೆಲಾಯೋ ಚರ್ಚಿನ ಹೆಂಚಿನ ಮೇಲೆ ಒಬ್ದುಲಿಯಾ ಕಸಾಸೆಕಾ ಮಂಡಿಯೂರಿ ಕೂತಿದ್ದಾರೆ. ಮಂಡಿಗೆ ಗೋಣಿತಾಟು, ಸೊಂಟಕ್ಕೆ ಹಗ್ಗ. ಮಾಡಿನ ಎರಡು ಇಳಿಜಾರು ಕೂಡುವ ಕಡೆ ಮಳೆನೀರು ಹರಿದುಹೋಗುವ ದೋಣಿಯಿದೆ. ಅದರೊಳಗಿನ ಕಸವನ್ನು ಕರಣೆಯಿಂದ ಕೆರೆದು ಬಕೆಟ್ಟಿಗೆ ತುಂಬುತ್ತಾರೆ. ಕೊಕ್ಕರೆ ಗೂಡಿನಿಂದ ಉದುರಿದ ಕಡ್ಡಿ, ಕಪ್ಪೆಯ ಮೂಳೆ, ಪಾರಿವಾಳದ ಪುಕ್ಕ, ಯಾವುದೋ ಮಗುವಿನ ಒಂಟಿ ಕಾಲುಚೀಲ.

"ಈ ಕಾಲುಚೀಲ ಇಲ್ಲಿಗೆ ಹೆಂಗೆ ಬಂತು ಅಂತ ನನ್ನ ಕೇಳ್ಬೇಡಿ. ಗೂಡಿಗೆ ಮೆತ್ತಗಿರ್ಲಿ ಅಂತ ಈ ಕೊಕ್ಕರೆಗಳು ಏನು ಬೇಕಾದ್ರೂ ಹೊತ್ಕೊಂಡು ಬರ್ತವೆ" ಎನ್ನುತ್ತಾರೆ.

ಹಳೆಯ ಚರ್ಚುಗಳನ್ನು ನೋಡಲೆಂದೇ ಜನ ಈ ಊರಿಗೆ ಬರುತ್ತಾರೆ. ಒಂದರಿಂದ ಹೊರಬಿದ್ದು ಇನ್ನೊಂದಕ್ಕೆ ನುಗ್ಗುತ್ತಾರೆ. ಅವರು ಬರುವ ಹೊತ್ತಿಗೆ ಒಬ್ದುಲಿಯಾ ಕೆಳಗಿಳಿದು, ಕೈ ತೊಳೆದು, ಮೂಲೆಯ ಕಾಫಿ ಅಂಗಡಿಯಲ್ಲಿ ಬೆಳ್ಳುಳ್ಳಿ ಸೂಪಿಗೆ ಬ್ರೆಡ್ಡು ಮುರಿದು ಹಾಕಿಕೊಳ್ಳುತ್ತಿರುತ್ತಾರೆ. ಅಂಗಡಿಯ ಎಲಾದಿಯೊಗೆ ಅವರನ್ನು ಕೆಣಕದಿದ್ದರೆ ಬೆಳಗಾಗುವುದಿಲ್ಲ.

"ಏನಮ್ಮಾ ಕೊಕ್ಕರೆ, ಮೊಟ್ಟೆ ಇಟ್ಟಾಯ್ತಾ?"

"ಇಟ್ಟಾಯ್ತು ಕಣೋ. ಕಾವಿಗೆ ಕೂರೋಕೆ ನೀನು ಹೋಗು, ಇಲ್ಲಿ ಹೆಂಗಿದ್ರೂ ಸುಮ್ನೆ ಕೂತಿರ್ತೀಯ."

ಒಬ್ದುಲಿಯಾ ಹುಟ್ಟಿದ್ದು ಸಯಾಗೊ ಕಡೆಯ ಹಳ್ಳಿಯಲ್ಲಿ. ಅಪ್ಪ ಹೊಲದ ಕಲ್ಲುಗೋಡೆ ಕಟ್ಟುತ್ತಿದ್ದರು. ಮದುವೆಯಾಗಿ ಒಬ್ದುಲಿಯಾ ಈ ಊರಿಗೆ ಬಂದರು. ಗಂಡ ತೊರಿಬಿಯೊ ಹೆಂಚು ಕೆಲಸದವರು. ಇಲ್ಲಿನ ಅರ್ಧ ಚರ್ಚುಗಳ ಮಾಡು ಅವರ ಕೈಯಲ್ಲಿತ್ತು. ಹತ್ತು ವರ್ಷಗಳ ಹಿಂದೆ ಇದೇ ಸಾನ್ ಪೆಲಾಯೋ ಮೇಲಿಂದ ಅವರು ಬಿದ್ದರು. ಜೀವ ಉಳಿಯಿತು, ಸೊಂಟ ಹೋಯಿತು. ಅಲ್ಲಿಂದಾಚೆಗೆ ಆ ಬೀದಿಯಲ್ಲಿ ಕೋಲೂರಿಕೊಂಡು ಹೋಗುವಾಗಲೂ ತಲೆ ಎತ್ತಿ ಆ ಮಾಡಿನ ಕಡೆ ನೋಡಿದವರಲ್ಲ.

ಆಗ ಒಬ್ದುಲಿಯಾ ಪಾದ್ರಿ ದೊನ್ ಉಲ್ಪಿಯಾನೊ ಹತ್ತಿರ ಹೋಗಿ, "ಫಾದರ್, ಇನ್ಮೇಲೆ ಆ ಕೆಲಸ ನಾನು ಮಾಡ್ತೀನಿ" ಎಂದರು.

"ನೀನಾ? ನಿನ್ನ ಗಂಡ ಬಿದ್ದ ಜಾಗ ಅದು, ಮಗಳೇ."

"ಬಿದ್ದಿದ್ದು ಅವನು. ಎಲ್ಲಿ ಕಾಲಿಟ್ಟು ಬಿದ್ದ ಅಂತ ಕೆಳಗೆ ನಿಂತು ನೋಡಿದ್ದು ನಾನು. ಅಲ್ಲಿ ಕಾಲಿಡಲ್ಲ, ಅಷ್ಟೇ."

ಪಾದ್ರಿ ವಾರಗಟ್ಟಲೆ ಯೋಚಿಸಿದರು. ಅಷ್ಟರಲ್ಲಿ ಒಂದು ಜೋರು ಮಳೆ ಬಂದು ಪೂಜೆಯ ನಡುವೆ ಅವರ ನೆತ್ತಿಗೇ ನೀರು ತೊಟ್ಟಿಕ್ಕಿತು. ಒಬ್ದುಲಿಯಾಗೆ ಕೆಲಸ ಸಿಕ್ಕಿತು.

ಕಳೆದ ವಸಂತದಲ್ಲಿ ಬಿರುಗಾಳಿ ಬೀಸಿ, ದಕ್ಷಿಣದ ಬಾಗಿಲ ಮೇಲೆ ಗಂಟೆ ತೂಗುಹಾಕಿದ ಗೋಡೆಯ ನೆತ್ತಿಯಲ್ಲಿದ್ದ ಕೊಕ್ಕರೆ ಗೂಡು ಒಂದು ಕಡೆಗೆ ವಾಲಿತು. ಒಳಗೆ ಮರಿಗಳು. ಮರಿ ಇರುವ ಗೂಡನ್ನು ಕೀಳುವಂತಿಲ್ಲ, ಅದು ಕಾನೂನು. ಬಿಟ್ಟರೆ ಎತ್ತಿನಷ್ಟು ತೂಕದ ಆ ಗೂಡು ಗೋಡೆಯ ಕಲ್ಲನ್ನೂ ಎಳೆದುಕೊಂಡು ಬಾಗಿಲಲ್ಲಿ ನಿಂತವರ ಮೇಲೆ ಬೀಳುತ್ತದೆ. ಚರ್ಚು ಮುಚ್ಚಿತು. ಬಂದವರು ಕಟ್ಟಿದ ಹಗ್ಗದ ಈಚೆ ನಿಂತು ಇಣುಕಿ ವಾಪಸಾದರು.

ಹಳೆಯ ಕಟ್ಟಡಗಳ ಉಸ್ತುವಾರಿಯ ಎಂಜಿನಿಯರ್ ಅಮಾಯಾ ಒಂದು ದಾರಿ ಹುಡುಕಿದರು: ಗೂಡನ್ನು ಮುಟ್ಟದೆ, ಅಡಿಯಿಂದ ಕಬ್ಬಿಣದ ತೊಟ್ಟಿಲಿನಂಥ ಆಸರೆ ಕೊಡುವುದು. ಅದಕ್ಕೆ ಒಪ್ಪಿಗೆಯೂ ಸಿಕ್ಕಿತು. ಆದರೆ ಆ ಓಣಿಗೆ ಕ್ರೇನು ನುಗ್ಗುವುದಿಲ್ಲ. ಯಾರಾದರೂ ಹತ್ತಲೇಬೇಕು. ತಾನೇ ಹತ್ತುತ್ತೇನೆ ಎಂದರು ಒಬ್ದುಲಿಯಾ.

"ಬೇರೆ ಯಾರಾದ್ರೂ ಹೋಗ್ಲಿ" ಎಂದರು ತೊರಿಬಿಯೊ, ರಾತ್ರಿ ಊಟಕ್ಕೆ ಕೂತಾಗ.

"ಯಾರಿದಾರೆ, ಹೇಳು?"

ತೊರಿಬಿಯೊ ತಟ್ಟೆ ಸರಿಸಿ ಎದ್ದುಹೋದರು.

ಮರುದಿನ ಬೆಳಿಗ್ಗೆ ಅವರು ಮನೆಯಲ್ಲಿರಲಿಲ್ಲ. ಒಬ್ದುಲಿಯಾ ಚರ್ಚಿನ ಸುರುಳಿ ಮೆಟ್ಟಿಲು ಹತ್ತಿ ಮಾಡಿನ ಕಿಂಡಿಗೆ ಬಂದರೆ, ಗಂಡ ಅಲ್ಲಿ ಕಾಲು ಚಾಚಿ ಕೂತಿದ್ದಾರೆ. ಒಂದೊಂದೇ ಮೆಟ್ಟಿಲ ಮೇಲೆ ಕುಂಡೆಯೂರಿ, ಹಿಮ್ಮುಖವಾಗಿ ಹತ್ತಿದ್ದರು. ಪ್ಯಾಂಟಿನ ಹಿಂಬದಿಯೆಲ್ಲ ಸುಣ್ಣ. ಆಸರೆಯ ಕಬ್ಬಿಣವನ್ನು ಕಿಂಡಿಯವರೆಗೆ ತಂದಿಟ್ಟಿದ್ದ ಕೆಲಸದವರು ಕಟ್ಟಿದ್ದ ಹಗ್ಗ ಬಿಚ್ಚಿ ತಾವೇ ಗಂಟು ಹಾಕುತ್ತಿದ್ದರು.

"ಹಗ್ಗ ನಾನು ಹಿಡೀತೀನಿ. ನೀನು ಹೋಗು."

ಒಬ್ದುಲಿಯಾ ಹೋದರು. ತಾಯಿ ಕೊಕ್ಕರೆ ಗೂಡು ಬಿಟ್ಟು ಕದಲಲಿಲ್ಲ. ಕೊಕ್ಕು ಕಟಕಟ ಬಡಿಯುತ್ತಾ ಅವರ ಭುಜಕ್ಕೆ ಕುಟುಕಿತು. "ಸುಮ್ನಿರೇ ಮಾರಾಯ್ತಿ, ನಿನ್ನ ಮನೇನೇ ಸರಿ ಮಾಡ್ತಿರೋದು!" ಎಂದು ಗದರಿಸುತ್ತಲೇ ಬೋಲ್ಟು ತಿರುಗಿಸಿದರು. ಕೊನೆಯದನ್ನು ಬಿಗಿಯುವಾಗ ಪಾಚಿಗಲ್ಲಿನ ಮೇಲೆ ಕಾಲು ಜಾರಿತು. ಹಗ್ಗ ತಟ್ಟನೆ ಬಿಗಿಯಾಯಿತು.

"ಎಡಗಾಲು! ಎಡಗಾಲು ಹಿಂದಕ್ಕೆ ತಗೋ!" ಕಿಂಡಿಯಿಂದ ತೊರಿಬಿಯೊ ಕೂಗಿದರು.

ಎಡಗಾಲು ಹಿಂದಕ್ಕೆ ಬಂತು. ಬೋಲ್ಟು ಕೂತಿತು.

ವಾಪಸು ಬಂದಾಗ ಗಂಡನ ಅಂಗೈ ಸುಲಿದು ರಕ್ತ ಬರುತ್ತಿತ್ತು. ಇಬ್ಬರೂ ಕಿಂಡಿಯ ಬಳಿ ಕೂತರು. ತೊರಿಬಿಯೊ ನದಿ ನೋಡಿದರು, ಹೆಂಚುಗಳ ಮೇಲೆಲ್ಲ ಕಣ್ಣಾಡಿಸಿದರು. ಆಮೇಲೆ, "ಆ ಮೂಲೆ ದೋಣೀಲಿ ಕಸ ಹಂಗೇ ಬಿಟ್ಟಿದ್ದೀಯ" ಎಂದರು.

"ಅವನನ್ನ ಕೆಳಕ್ಕೆ ತಳ್ಳಿಬಿಡೋಣ ಅನ್ನಿಸ್ತು" ಎಂದು ಒಬ್ದುಲಿಯಾ ಈಗ ನಗುತ್ತಾರೆ. "ಆದ್ರೆ ಹಗ್ಗ ಇನ್ನೂ ನನ್ನ ಸೊಂಟದಲ್ಲೇ ಇತ್ತಲ್ಲ!"

ಬೇಸಿಗೆಯಲ್ಲಿ ಮರಿಗಳು ಹಾರಿಹೋದವು. ಬಾಗಿಲು ಮತ್ತೆ ತೆರೆದಿದೆ. ಈ ಹೊತ್ತು ಒಂದು ಗುಂಪು ಒಳಗೆ ನಿಂತು, ಕತ್ತು ಹಿಂದಕ್ಕೆ ಚೆಲ್ಲಿ ಬಲಿಪೀಠದ ಮೇಲಿನ ಕಮಾನಿನ ಹಳೆಯ ಚಿತ್ರ ನೋಡುತ್ತಿದೆ. ಹಿಂದಿನ ಕಂಬಕ್ಕೆ ಒರಗಿರುವ, ಉಗುರಲ್ಲಿ ಮಣ್ಣಿರುವ ಹೆಂಗಸಿನ ಕಡೆ ಯಾರೂ ತಿರುಗುವುದಿಲ್ಲ. ಬೇಸರವಾಗುವುದಿಲ್ಲವೇ ಎಂದರೆ ಒಬ್ದುಲಿಯಾ ತಲೆ ಅಲ್ಲಾಡಿಸುತ್ತಾರೆ.

"ಅವರ ಮುಖ ನೋಡಿ. ಎಲ್ರೂ ಚಿತ್ರ ನೋಡ್ತಿದಾರೆ. ಮಾಡು ಸೋರಿ ನೀರಿನ ಕಲೆ ಬಿದ್ದಿದ್ರೆ ಅದನ್ನೇ ನೋಡ್ತಿದ್ರು."