ತಿಮ್ಮಪ್ಪಣ್ಣ ಓದದ ಫಲಕ

ತಿಮ್ಮಪ್ಪಣ್ಣ ಬೋರ್ಡು ಓದುತ್ತಿದ್ದುದು ಒಂದೊಂದು ವಾಕ್ಯವನ್ನೂ ಒಂದೇ ಉಸಿರಿನಲ್ಲಿ. ಎರಡು ಮಾರು ದೂರ ನಿಂತು, ಕನ್ನಡಕವನ್ನು ಹಣೆಗೇರಿಸಿ, ಗಟ್ಟಿಯಾಗಿ ಓದುವರು. ವಾಕ್ಯಕ್ಕಿಂತ ಮೊದಲು ಉಸಿರು ಮುಗಿದರೆ ಅಲ್ಲಿಗೇ ಬೆರಳು ತೋರಿಸುವರು.

"ಇಲ್ಲಿ ಕತ್ತರಿ ಹಾಕಿ ಮಾರಾಯ್ರೆ. ನಿಂತ್ಕಂಡು ಓದೋನಿಗೆ ಕಾಲು ನೋಯ್ತದೆ."

ಹೊಸನಗರದ ಕಡೆಯವರು, ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಅಟೆಂಡರ್. ಆ ವಿಭಾಗದ ಕಾರಿಡಾರಿಗೆ ಹನ್ನೆರಡು ಮಾಹಿತಿ ಫಲಕ ಮಾಡಿಕೊಡುವ ಕೆಲಸ ನನಗೆ ಸಿಕ್ಕಿತ್ತು. ಸಾಗರದ ನನ್ನ ಅಂಗಡಿಯಲ್ಲಿ ಅದುವರೆಗೆ ಮಾಡಿದ್ದೆಲ್ಲ ಮದುವೆ, ಗೃಹಪ್ರವೇಶದ ಫ್ಲೆಕ್ಸು. ವಿಜ್ಞಾನದ ಗಂಧಗಾಳಿ ಇಲ್ಲದ ನಾನು ಮುಖ್ಯಸ್ಥರು ಬರೆದುಕೊಟ್ಟಿದ್ದನ್ನೆಲ್ಲ ಹಾಗೇ ತುಂಬಿದ್ದೆ. ಅದನ್ನು ಓದುವ ಹಾಗೆ ಮಾಡಿದ್ದು ತಿಮ್ಮಪ್ಪಣ್ಣನ ಉಸಿರು. ಹೊಗಳಿಕೆಯನ್ನು ಮಾತ್ರ ನಾನು ಜೇಬಿಗಿಳಿಸಿದೆ.

ಹಾವುಗಳ ಫಲಕಕ್ಕೆ ಬೀರುವಿನಿಂದ ಹಳೇ ಫೋಟೋ ಹುಡುಕಿ, ಹಿಂಬದಿಗೆ ಪೆನ್ಸಿಲಿನಲ್ಲಿ ಹೆಸರು ಬರೆದು ಕೊಟ್ಟವರೂ ಅವರೇ. ಸ್ಕ್ಯಾನ್ ಮಾಡುವಾಗ ನಾನು ಹಿಂಬದಿ ತಿರುಗಿಸಲಿಲ್ಲ, ಅಂದಾಜಿನ ಮೇಲೇ ಫೋಟೋಗಳಿಗೆ ಹೆಸರು ಹೊಂದಿಸಿದೆ. ಉದ್ಘಾಟನೆಯ ಆತುರದಲ್ಲಿ ಆ ಒಂದು ಫಲಕವನ್ನು ಅವರಿಗೆ ತೋರಿಸದೆ ಪ್ರಿಂಟಿಗೆ ಕಳಿಸಿದೆ.

"ಹಾವಿಂದು ಓದ್ಲಿಲ್ವಲ್ರೀ," ಎಂದರು.

"ಎಲ್ಲಾದಕ್ಕೂ ನಿಮ್ಮನ್ನೇ ಕೇಳ್ಬೇಕಾ?" ಎಂದೆ. ಅವರು ನಕ್ಕುಬಿಟ್ಟರು.

ಉದ್ಘಾಟನೆಗೆ ಬಂದ ಪ್ರೊಫೆಸರ್ ಆ ಫಲಕದ ಮುಂದೆ ನಿಂತುಬಿಟ್ಟರು. ಕೊಳಕುಮಂಡಲದ ಫೋಟೋ ಕೆಳಗೆ "ಹೆಬ್ಬಾವಿನ ಮರಿ, ವಿಷವಿಲ್ಲ" ಎಂದಿತ್ತು. ಕಚ್ಚಿದರೆ ಜೀವ ತೆಗೆಯುವ ಹಾವು!

"ಯಾರ್ರೀ ಮಾಡಿದ್ದು ಇದನ್ನ?" ಮುಖ್ಯಸ್ಥರು ಗುಡುಗಿದರು.

ಪಕ್ಕದ ವಿಭಾಗದ ಕೆಲಸವೂ ನನಗೇ ಬರುವುದರಲ್ಲಿತ್ತು. "ಫೋಟೋ ಕೊಟ್ಟಿದ್ದು ತಿಮ್ಮಪ್ಪಣ್ಣ ಸರ್," ಎಂದುಬಿಟ್ಟೆ. ಆ ಮಾತು ಸುಳ್ಳಲ್ಲ, ಅದಕ್ಕೇ ಅಷ್ಟು ಸಲೀಸಾಗಿ ಬಂತು.

ತಿಮ್ಮಪ್ಪಣ್ಣ ಒಮ್ಮೆ ನನ್ನ ಮುಖ ನೋಡಿದರು. "ಹೌದು ಸರ್, ನನ್ನಿಂದ್ಲೇ ತಪ್ಪಾಯ್ತು."

ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಷ್ಯ ಅನ್ನುತ್ತಾರೆ. ನನಗೆ ತಪ್ಪಿದ್ದು ಅವರ ಬೆನ್ನಿಗೆ ಬಿತ್ತು. ಅಷ್ಟೂ ವಿದ್ಯಾರ್ಥಿಗಳ ಎದುರು, ಮೂವತ್ತು ವರ್ಷ ದುಡಿದ ಮನುಷ್ಯ ಬೈಸಿಕೊಂಡು ನಿಂತರು. ನಾನು ಅಲ್ಲೇ ಇದ್ದೆ.

ಹೊಸ ಫಲಕ ಬರಲು ವಾರ ಹಿಡಿಯಿತು. ಅದನ್ನು ಹೊತ್ತು ಹೋದ ದಿನ ಯಾವುದೋ ಶಾಲೆಯ ಮಕ್ಕಳು ಬಂದಿದ್ದರು. ತಿಮ್ಮಪ್ಪಣ್ಣ ಹಳೇ ಫಲಕದ ಪಕ್ಕ ನಿಂತು, ತಪ್ಪು ಅಕ್ಷರಗಳನ್ನು ಅಂಗೈಯಿಂದ ಮುಚ್ಚಿಕೊಂಡು ಹೇಳುತ್ತಿದ್ದರು: "ಇದು ಮಂಡಲ ಮಕ್ಳೇ. ಮರಿ ಅಂತ ಮುಟ್ಟಿಗಿಟ್ಟೀರಿ!" ವಾರವಿಡೀ ಹಾಗೇ ಕಾವಲು ನಿಂತಿದ್ದರಂತೆ. ಹಳೆಯದನ್ನು ಇಳಿಸುವಾಗ ಏಣಿ ಹಿಡಿದುಕೊಂಡವರೂ ಅವರೇ. ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ. ಸ್ಕ್ರೂ ಕೇಳಿದೆ.

ಅವರು ನಿವೃತ್ತರಾದ ಮೇಲೆ ಒಮ್ಮೆ ರಿಪ್ಪನ್‌ಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ಜೊತೆಗೆ ಹೆಂಡತಿ.

"ನೋಡೇ, ನಮ್ ಬೋರ್ಡು ಮಾಡಿದೋರು ಇವ್ರೇ," ಎಂದರು ಸಂಭ್ರಮದಿಂದ.

ಆಕೆಯ ಮುಖ ಸಪ್ಪಗಾಯಿತು. "ನಮ್ಮನೆಯೋರು ಹಾವಿನ ಬೋರ್ಡು ಹಾಳ್ಮಾಡಿ ನಿಮ್ಗೂ ತೊಂದ್ರೆ ಕೊಟ್ರಂತೆ. ಆ ದಿನ ಊಟನೂ ಮಾಡ್ಲಿಲ್ಲ ಇವ್ರು. ಬೇಜಾರು ಮಾಡ್ಕಬ್ಯಾಡಿ, ಆಯ್ತಾ?"

ಹೆಂಡತಿಗೂ ನಿಜ ಹೇಳಿರಲಿಲ್ಲ! ತಿಮ್ಮಪ್ಪಣ್ಣ ನನ್ನತ್ತ ತಿರುಗದೆ, ಬಸ್ಸು ಬರುವ ದಾರಿಯನ್ನೇ ನೋಡುತ್ತಿದ್ದರು.

ಈಗ ಅವರಿಲ್ಲ. ಪೆನ್ಸಿಲಿನಲ್ಲಿ ದುಂಡಗೆ "ಕೊಳಕುಮಂಡಲ" ಎಂದು ಬರೆದ ಆ ಫೋಟೋ ನನ್ನ ಮೇಜಿನ ಖಾನೆಯಲ್ಲೇ ಇದೆ. ಅಂದು ಬಸ್‌ಸ್ಟ್ಯಾಂಡಿನಲ್ಲಿ ಆಕೆಗೆ ನಾನು ಹೇಳಿದ್ದು ಇಷ್ಟೇ:

"ಪರವಾಗಿಲ್ಲ ಬಿಡಿ ಅಮ್ಮ."